ನೋವು ಎಂಟು ಎಂದರೆ ಎಷ್ಟು? ನರ್ಸಿಂಗ್‌ಗೆ ತತ್ತ್ವಶಾಸ್ತ್ರ ಯಾಕೆ ಬೇಕು

ಮೊಣಕಾಲಿನ ಕೆಳಗೆ ಮೂಳೆ ಮುರಿದು, ನಿನ್ನೆ ಆಪರೇಷನ್ ಆಗಿರುವ ಒಬ್ಬ ಯುವಕ. ರಾತ್ರಿ ಪಾಳಿಯ ನರ್ಸ್ ಬಂದು ಕೇಳುತ್ತಾರೆ: "ಸೊನ್ನೆಯಿಂದ ಹತ್ತರೊಳಗೆ ಹೇಳಿ, ನೋವು ಎಷ್ಟಿದೆ?" ಅವನು ಹೇಳುತ್ತಾನೆ: "ಎಂಟು." ಆದರೆ ನಾಡಿ ಸರಿಯಾಗಿದೆ. ಬಿಪಿ ಸರಿಯಾಗಿದೆ. ಜ್ವರ ಇಲ್ಲ. ಅರ್ಧ ಗಂಟೆ ಹಿಂದೆ ಫೋನ್ ನೋಡಿಕೊಂಡು ನಗುತ್ತಿದ್ದ ಬೇರೆ.

ಈಗ ಚಾರ್ಟಿನಲ್ಲಿ ಏನು ಬರೆಯಬೇಕು?

ಒಬ್ಬ ನರ್ಸ್ ಎಂಟು ಎಂದೇ ಬರೆಯುತ್ತಾರೆ. ಇನ್ನೊಬ್ಬರು ಎಂಟು ಬರೆದರೂ ಒಳಗೊಳಗೇ ಮೂರು ಅಂದುಕೊಳ್ಳುತ್ತಾರೆ. ಎಂಟರಷ್ಟು ನೋವಿದ್ದವರು ನಗುತ್ತಾರಾ? ಮೇಲ್ನೋಟಕ್ಕೆ ಇದು ಮಾತ್ರೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ. ಸ್ವಲ್ಪ ಕೆದಕಿದರೆ ಕೆಳಗೆ ಇನ್ನೆರಡು ಪ್ರಶ್ನೆಗಳು ಸಿಗುತ್ತವೆ. ಯಾವುದನ್ನು ನಾವು ತಿಳಿವಳಿಕೆ ಎಂದು ಒಪ್ಪುತ್ತೇವೆ? ಹಾಸಿಗೆಯ ಮೇಲಿರುವುದನ್ನು ಏನೆಂದು ನೋಡುತ್ತೇವೆ: ಮುರಿದ ಕಾಲೋ, ಕಾಲು ಮುರಿದುಕೊಂಡ ಮನುಷ್ಯನೋ? ಮೊದಲನೆಯದು ವಿಜ್ಞಾನದ ತತ್ತ್ವಶಾಸ್ತ್ರದ ಪ್ರಶ್ನೆ. ಎರಡನೆಯದು ಮನುಷ್ಯನನ್ನು ನಾವು ನೋಡುವ ಬಗೆಗೆ ಸೇರಿದ್ದು. ಎರಡಕ್ಕೂ ಗಟ್ಟಿ ನಂಟಿದೆ. ಮನುಷ್ಯನನ್ನು ಏನೆಂದು ತಿಳಿಯುತ್ತೀರೋ, ಅದರ ಮೇಲೆ ಅವನ ಬಗ್ಗೆ ಏನನ್ನು ಸಾಕ್ಷಿ ಎಂದು ಒಪ್ಪುತ್ತೀರಿ ಎಂಬುದು ನಿಂತಿರುತ್ತದೆ.

ನರ್ಸಿಂಗ್‌ನಲ್ಲಿ ಮಾಸ್ಟರ್ಸ್ ಓದಲು ಹೋದವರಿಗೆ ಈ ವಿಷಯ ಪಾಠವಾಗಿ ಎದುರಾಗುವುದುಂಟು. ಬಹಳ ಜನ ಮುಖ ಸಿಂಡರಿಸುತ್ತಾರೆ. ಐಸಿಯುನಲ್ಲಿ ಹತ್ತು ವರ್ಷ ದುಡಿದವರಿಗೆ ನಾನೂರು ವರ್ಷ ಹಿಂದಿನ ಫ್ರೆಂಚ್ ತತ್ತ್ವಜ್ಞಾನಿ ಯಾಕೆ ಬೇಕು? ಕೇಳಬೇಕಾದ ಪ್ರಶ್ನೆಯೇ. ಉತ್ತರ ಅವರ ಹೊಸ ಕೆಲಸದಲ್ಲೇ ಇದೆ.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ಡಾಕ್ಟರ್ ಹೆನ್ರಿ ಸಿಲ್ವರ್ ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಶುರು ಮಾಡಿದರು. ಅಲ್ಲಿಂದ ಬೆಳೆದ ಕೆಲಸಕ್ಕೆ ಇಂದು ಅಡ್ವಾನ್ಸ್ಡ್ ನರ್ಸಿಂಗ್ ಎನ್ನುತ್ತಾರೆ. ಹಲವು ದೇಶಗಳಲ್ಲಿ ಇಂಥ ನರ್ಸ್‌ಗಳು ತಾವೇ ರೋಗಿಯನ್ನು ಪರೀಕ್ಷೆ ಮಾಡುತ್ತಾರೆ, ಕಾಯಿಲೆ ಏನೆಂದು ಗುರುತಿಸುತ್ತಾರೆ, ಔಷಧ ಬರೆಯುತ್ತಾರೆ. ಅಂದರೆ ಬೇರೆಯವರ ಆರ್ಡರ್ ಪಾಲಿಸುವುದಕ್ಕಿಂತ ತಾವೇ ತೀರ್ಮಾನ ಮಾಡುವ ಕೆಲಸ ಜಾಸ್ತಿ. ತೀರ್ಮಾನ ಮಾಡುವವರಿಗೆ "ಇದು ನಿಮಗೆ ಹೇಗೆ ಗೊತ್ತು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ "ಮೇಲಿನವರು ಹೇಳಿದರು" ಎಂದರೆ ನಡೆಯುವುದಿಲ್ಲ.

ಗಡಿಯಾರದಂಥ ದೇಹ

ಆ ಫ್ರೆಂಚ್ ತತ್ತ್ವಜ್ಞಾನಿ ರೆನೆ ಡೆಕಾರ್ಟ್. 1641ರಲ್ಲಿ ಬಂದ ಅವನ ಪುಸ್ತಕದಲ್ಲಿ ಮನಸ್ಸು ಬೇರೆ, ದೇಹ ಬೇರೆ ಎಂಬ ವಾದ ಬರುತ್ತದೆ. ಮನಸ್ಸು ಯೋಚಿಸುತ್ತದೆ, ಜಾಗ ಹಿಡಿಯುವುದಿಲ್ಲ. ದೇಹ ಜಾಗ ಹಿಡಿಯುತ್ತದೆ, ಯೋಚಿಸುವುದಿಲ್ಲ. ದೇಹವನ್ನು ಅವನು ಚಕ್ರ, ತೂಕದ ಗುಂಡುಗಳಿಂದ ನಡೆಯುವ ಗಡಿಯಾರಕ್ಕೆ ಹೋಲಿಸುತ್ತಾನೆ.

ನರ್ಸಿಂಗ್ ಬರಹಗಳಲ್ಲಿ ಡೆಕಾರ್ಟ್‌ಗೆ ಬೈಯುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ನನಗೆ ಅದು ಸ್ವಲ್ಪ ಕೃತಘ್ನತೆ ಅನಿಸುತ್ತದೆ. ದೇಹವನ್ನು ಯಂತ್ರ ಎಂದುಕೊಂಡಿದ್ದರಿಂದಲೇ ಅದನ್ನು ಬಿಚ್ಚಿ ನೋಡುವ, ಅಳೆಯುವ, ರಿಪೇರಿ ಮಾಡುವ ಧೈರ್ಯ ಬಂತು. ಆ ಯುವಕನ ಮೂಳೆಯೊಳಗೆ ರಾಡ್ ಹಾಕಿ ಜೋಡಿಸಿದ್ದು ಇದೇ ದಾರಿಯ ವೈದ್ಯಕೀಯ. ಮುರಿದ ಮೂಳೆಯ ಮಟ್ಟಿಗೆ ಗಡಿಯಾರದ ಹೋಲಿಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದನ್ನು ಇಡೀ ಮನುಷ್ಯನಿಗೆ ಹೊದಿಸಲು ಹೋದಾಗ ತೊಂದರೆ. ಕತ್ತರಿಸಿ ತೆಗೆದ ಕಾಲಿನ ಬೆರಳು ಉರಿಯುತ್ತಿದೆ ಎಂದು ಹೇಳುವವರು ಎಷ್ಟೋ ಜನ ಇದ್ದಾರೆ. ಇಲ್ಲದ ಚಕ್ರ ಕೆಟ್ಟಿದೆ ಎಂದು ಯಾವ ಗಡಿಯಾರವೂ ದೂರುವುದಿಲ್ಲ.

ಈ ಯಂತ್ರದ ನೋಟದ ಜೊತೆಗೇ ಒಂದು ವಿಜ್ಞಾನದ ನೋಟವೂ ಬೆಳೆಯಿತು. 19ನೇ ಶತಮಾನದಲ್ಲಿ ಫ್ರೆಂಚ್ ಚಿಂತಕ ಆಗಸ್ಟ್ ಕಾಮ್ಟ್ ಅದಕ್ಕೆ ಪಾಸಿಟಿವಿಸಂ ಎಂದು ಹೆಸರಿಟ್ಟ. ಸರಳವಾಗಿ ಹೇಳಿದರೆ: ಕಣ್ಣಿಗೆ ಕಾಣುವುದು, ಅಳೆಯಲು ಬರುವುದು, ಇನ್ನೊಬ್ಬರು ಮತ್ತೆ ಪರೀಕ್ಷಿಸಬಹುದಾದದ್ದು ಮಾತ್ರ ನಂಬಿಕೆಗೆ ಅರ್ಹ. ಉಳಿದದ್ದು ಬರೀ ಅಭಿಪ್ರಾಯ. ಈ ಲೆಕ್ಕದಲ್ಲಿ ಯುವಕನ ನಾಡಿ ವಿಜ್ಞಾನ. ಅವನ "ಎಂಟು" ಅಭಿಪ್ರಾಯ.

ನರ್ಸಿಂಗ್ ಈ ನೋಟಕ್ಕೆ ಹೊರಗಿನದಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ದೀಪ ಹಿಡಿದ ಮಹಿಳೆ ಎಂದಷ್ಟೇ ನಮಗೆ ನೆನಪು. ಆಕೆ ಅಂಕಿಅಂಶಗಳ ಹುಚ್ಚಿಯೂ ಹೌದು. ಕ್ರಿಮಿಯನ್ ಯುದ್ಧದಲ್ಲಿ ಸತ್ತ ಸೈನಿಕರಲ್ಲಿ ಗಾಯದಿಂದ ಸತ್ತವರಿಗಿಂತ, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರೇ ಹೆಚ್ಚು ಎಂದು 1858ರಲ್ಲಿ ಬಣ್ಣದ ಚಕ್ರದಂಥ ಚಿತ್ರ ಬರೆದು ತೋರಿಸಿದಳು. ಆದರೆ ಮುಂದಿನ ವರ್ಷವೇ ಬರೆದ ನರ್ಸಿಂಗ್ ಪುಸ್ತಕದಲ್ಲಿ ಇನ್ನೊಬ್ಬ ನೈಟಿಂಗೇಲ್ ಕಾಣುತ್ತಾಳೆ. ರೋಗಿಗೆ ಅರ್ಧಂಬರ್ಧ ಕೇಳುವ ಹಾಗೆ ಪಿಸುಗುಟ್ಟಬೇಡಿ, ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ಅವನು ಕಿವಿ ನಿಮಿರಿಸಿ ದಣಿಯುತ್ತಾನೆ, ಇದು ಕ್ರೌರ್ಯ ಎನ್ನುತ್ತಾಳೆ. ಇದನ್ನು ಯಾವ ಅಳತೆಯಿಂದ ಕಂಡುಕೊಂಡಳು? ಅಳೆದು ಅಲ್ಲ. ಪಕ್ಕದಲ್ಲಿ ನಿಂತು ನೋಡಿ.

ಅಳತೆಗೂ ಕುರುಡು ಜಾಗಗಳಿವೆ

ಅಳತೆ ಎಂದರೆ ತಕರಾರಿಲ್ಲದ ಸತ್ಯ ಎಂಬ ನಂಬಿಕೆ ತತ್ತ್ವಜ್ಞಾನಿಗಳಲ್ಲೇ ಉಳಿಯಲಿಲ್ಲ.

ಕಾರ್ಲ್ ಪಾಪರ್ 1934ರಲ್ಲಿ ಹೇಳಿದ್ದು ಇಷ್ಟು: ಒಂದು ಸಿದ್ಧಾಂತವನ್ನು ಎಷ್ಟು ಸಲ ಸಮರ್ಥಿಸಿದರೂ ಅದು ಪೂರ್ತಿ ಸಾಬೀತಾಗುವುದಿಲ್ಲ. ಅದನ್ನು ಸುಳ್ಳು ಮಾಡಲು ಪ್ರಯತ್ನಿಸಿ. ತಡೆದುಕೊಂಡರೆ ಸದ್ಯಕ್ಕೆ ಇಟ್ಟುಕೊಳ್ಳಿ. ಇದು ಹಾಸಿಗೆ ಪಕ್ಕದಲ್ಲಿ ನಿಂತವರಿಗೆ ಬಹಳ ಕೆಲಸಕ್ಕೆ ಬರುವ ಮಾತು. ಉಸಿರು ಕಟ್ಟುತ್ತಿದೆ ಎನ್ನುವ ಒಬ್ಬಾಕೆ ಬಂದಿದ್ದಾಳೆ. ಹಳೆಯ ಫೈಲಿನಲ್ಲಿ "ಆತಂಕದ ತೊಂದರೆ" ಎಂದಿದೆ. ಇವತ್ತಿನದೂ ಅದೇ ಅಂದುಕೊಂಡರೆ ಅದಕ್ಕೆ ಒಪ್ಪುವ ಸಾಕ್ಷಿ ಬೇಕಾದಷ್ಟು ಸಿಗುತ್ತದೆ: ಕೈ ನಡುಗುತ್ತಿದೆ, ಎದೆ ಬಡಿದುಕೊಳ್ಳುತ್ತಿದೆ. ಪಾಪರ್ ಓದಿದ ನರ್ಸ್ ಉಲ್ಟಾ ಕೇಳುತ್ತಾರೆ. ಇದು ಆತಂಕ ಅಲ್ಲ ಎಂದು ತೋರಿಸುವಂಥದ್ದು ಏನಿರಬಹುದು? ಒಂದು ಕಾಲು ಊದಿದೆಯಾ? ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗಿದೆಯಾ?

ಥಾಮಸ್ ಕೂನ್ 1962ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ವಿಜ್ಞಾನಿಗಳು ಒಂದು ಚೌಕಟ್ಟಿನೊಳಗೆ ಕೆಲಸ ಮಾಡುತ್ತಾರೆ. ಆ ಚೌಕಟ್ಟಿಗೆ ಅವನು ಪ್ಯಾರಡೈಮ್ ಎಂದ. ಯಾವುದು ಒಳ್ಳೆಯ ಪ್ರಶ್ನೆ, ಯಾವುದು ಸುಮ್ನೆ ಗದ್ದಲ ಎಂಬುದನ್ನೂ ಚೌಕಟ್ಟೇ ಹೇಳುತ್ತದೆ. ಹೊಟ್ಟೆಯ ಹುಣ್ಣಿನ ಕಥೆ ನೋಡಿ. ಟೆನ್ಷನ್, ಆ್ಯಸಿಡ್ ಇವೇ ಕಾರಣ ಎಂದು ದಶಕಗಳ ಕಾಲ ನಂಬಿದ್ದರು. ಅಷ್ಟು ಆ್ಯಸಿಡ್‌ನಲ್ಲಿ ಬ್ಯಾಕ್ಟೀರಿಯಾ ಬದುಕುವುದೇ ಇಲ್ಲ ಎಂಬುದು ಚೌಕಟ್ಟು. 1980ರ ದಶಕದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಬ್ಯಾಕ್ಟೀರಿಯಾ ಕಾರಣ ಎಂದಾಗ ಬಹಳ ಜನ ನಂಬಲಿಲ್ಲ. ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಕಥೆಯಲ್ಲಿ ವಿಜ್ಞಾನಿಗಳಷ್ಟೇ ಇಲ್ಲ, ಅಲ್ವಾ? "ನೀವು ಟೆನ್ಷನ್ ಮಾಡಿಕೊಳ್ಳುವುದು ಬಿಡಿ" ಎಂಬ ಬುದ್ಧಿಮಾತು ಕೇಳಿ ಮನೆಗೆ ಹೋದ ಅಷ್ಟೂ ರೋಗಿಗಳಿದ್ದಾರೆ. ಚೌಕಟ್ಟು ತಪ್ಪಾದಾಗ ಬೈಸಿಕೊಂಡವರು ಅವರು.

ಇನ್ನೂ ಹತ್ತಿರದ ಉದಾಹರಣೆ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್. ಅದಕ್ಕಿಂತ ಪಕ್ಷಪಾತವಿಲ್ಲದ ಸಾಕ್ಷಿ ಬೇಕೇ? ಬೆಳಕು ಚರ್ಮದ ಮೂಲಕ ಹಾದುಹೋಗುತ್ತದೆ, ಆಕ್ಸಿಜನ್ ಎಷ್ಟಿದೆ ಎಂದು ಯಂತ್ರ ಹೇಳುತ್ತದೆ. ಆದರೆ ಚರ್ಮದ ಬಣ್ಣವೂ ಬೆಳಕು ಹೀರುತ್ತದೆ. 2020ರಲ್ಲಿ ಅಮೆರಿಕದ ಒಂದು ಅಧ್ಯಯನ ಯಂತ್ರದ ಓದನ್ನು ರಕ್ತದ ಪರೀಕ್ಷೆಯ ಜೊತೆ ಹೋಲಿಸಿತು. ಯಂತ್ರ ಶೇಕಡಾ 92ರಿಂದ 96 ತೋರಿಸುತ್ತಿದ್ದಾಗ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ. ಯಂತ್ರ ಸುಳ್ಳು ಹೇಳಲಿಲ್ಲ. ಯಾವ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಹೊಂದಿಸಿದ್ದರೋ, ಆ ದೇಹಕ್ಕೆ ಸರಿಯಾಗಿ ಓದಿತು. ಅಳತೆಯ ಒಳಗೂ ಮನುಷ್ಯನ ಬಗ್ಗೆ ಒಂದು ಊಹೆ ಅಡಗಿ ಕುಳಿತಿತ್ತು.

ವಿವರಿಸುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ

19ನೇ ಶತಮಾನದ ಕೊನೆಗೆ ಜರ್ಮನಿಯ ವಿಲ್ಹೆಲ್ಮ್ ಡಿಲ್ತೈ ಒಂದು ಗೆರೆ ಎಳೆದ. ಪ್ರಕೃತಿಯನ್ನು ನಾವು ವಿವರಿಸುತ್ತೇವೆ. ಮನುಷ್ಯನ ಒಳಬದುಕನ್ನು ಅರ್ಥ ಮಾಡಿಕೊಳ್ಳುತ್ತೇವೆ. ಕಣ್ಣೀರಿನಲ್ಲಿ ಎಷ್ಟು ಉಪ್ಪಿದೆ ಎಂದು ಹೇಳುವುದು ವಿವರಣೆ. ಯಾಕೆ ಅಳುತ್ತಿದ್ದಾಳೆ ಎಂದು ತಿಳಿಯಲು ಅವಳನ್ನೇ ಕೇಳಬೇಕು.

ಇಲ್ಲಿಂದ ಮುಂದೆ ಫಿನಾಮಿನಾಲಜಿ ಎಂಬ ದೊಡ್ಡ ಹೆಸರಿನ ದಾರಿ ತೆರೆದುಕೊಳ್ಳುತ್ತದೆ. ಹೆಸರು ಹೆದರಿಸುತ್ತದೆ, ವಿಷಯ ಅಷ್ಟು ಕಷ್ಟವಿಲ್ಲ. ಎಡ್ಮಂಡ್ ಹುಸರ್ಲ್ ಹೇಳಿದ್ದು: ಸಿದ್ಧಾಂತಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಅನುಭವ ಹೇಗೆ ಕಾಣಿಸಿಕೊಳ್ಳುತ್ತದೋ ಹಾಗೆಯೇ ನೋಡಿ. ನರ್ಸ್‌ಗಳಿಗೆ ಜಾಸ್ತಿ ಹತ್ತಿರವಾದವನು ಮೋರಿಸ್ ಮೆರ್ಲೊ-ಪಾಂಟಿ. 1945ರ ಅವನ ಪುಸ್ತಕದ ತಿರುಳು ಇಷ್ಟು: ದೇಹ ನನ್ನ ಬಳಿ ಇರುವ ಒಂದು ವಸ್ತುವಲ್ಲ, ನಾನೇ ನನ್ನ ದೇಹ. ಕಣ್ಣು ಕಾಣದವರ ಕೈಯಲ್ಲಿರುವ ಕೋಲಿನ ಉದಾಹರಣೆ ಕೊಡುತ್ತಾನೆ. ಅಭ್ಯಾಸವಾದ ಮೇಲೆ ಅವರು ಕೋಲನ್ನು ಮುಟ್ಟಿ ನೋಡುವುದಿಲ್ಲ, ಕೋಲಿನ ತುದಿಯಿಂದ ನೆಲವನ್ನು ಮುಟ್ಟುತ್ತಾರೆ. ಕೋಲೂ ದೇಹದ ಭಾಗವಾಗಿರುತ್ತದೆ.

ಇದನ್ನು ವಾರ್ಡಿಗೆ ತನ್ನಿ. ಚೆನ್ನಾಗಿದ್ದಾಗ ಕಾಲು ಇದೆ ಎಂದೇ ನಮಗೆ ನೆನಪಿರುವುದಿಲ್ಲ. ಎದ್ದು ನಡೆಯುತ್ತೇವೆ, ಅಷ್ಟೇ. ಮುರಿದ ದಿನ ಕಾಲು ಒಂದು ವಸ್ತುವಾಗಿ ಎದುರಿಗೆ ಬಂದು ನಿಲ್ಲುತ್ತದೆ. ಜೊತೆಗೆ ಸುತ್ತಲಿನ ಜಗತ್ತೂ ಬದಲಾಗುತ್ತದೆ. ಆರು ಹೆಜ್ಜೆ ದೂರದ ಬಾತ್‌ರೂಮ್ ಬೇರೆ ಊರಿನಷ್ಟು ದೂರ. ಕರೆಗಂಟೆಯ ಬಟನ್ ಕೈಗೆ ಸಿಗುತ್ತದೋ ಇಲ್ಲವೋ ಎಂಬುದೇ ಆ ರಾತ್ರಿಯ ದೊಡ್ಡ ಪ್ರಶ್ನೆ. ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ. ಆದರೆ ಇದು ಕಲ್ಪನೆಯೂ ಅಲ್ಲ. ಕಾಯಿಲೆಯ ಅರ್ಧ ಭಾಗ ಇರುವುದೇ ಇಲ್ಲಿ.

ಈಗ ನೋವಿನ ಪ್ರಶ್ನೆಗೆ ಬರೋಣ. 1968ರಲ್ಲಿ ಮಾರ್ಗೋ ಮಕ್‌ಕ್ಯಾಫರಿ ಎಂಬ ನರ್ಸ್ ಒಂದು ವ್ಯಾಖ್ಯೆ ಕೊಟ್ಟರು. ಅನುಭವಿಸುತ್ತಿರುವವರು ಏನು ಹೇಳುತ್ತಾರೋ ಅದೇ ನೋವು, ಅವರು ಇದೆ ಎಂದಾಗ ಅದು ಇದೆ. ಎಷ್ಟು ಸರಳ! ಆದರೆ ಇದು ಸಾಕ್ಷಿಯ ಲೆಕ್ಕವನ್ನೇ ತಲೆಕೆಳಗು ಮಾಡಿತು. ಅಲ್ಲಿಯವರೆಗೆ ನಾಡಿ ಸಾಕ್ಷಿ, ಮಾತು ಅಭಿಪ್ರಾಯ. ಈಗ ಮಾತೇ ಮೊದಲ ಸಾಕ್ಷಿ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವೂ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದುವಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು ಎಂದು ಬರೆಯಿತು. ಮಾತಾಡಲು ಆಗದವರಿಗೂ ನೋವು ಇರಬಹುದು ಎಂದೂ ಸೇರಿಸಿತು. ವೆಂಟಿಲೇಟರ್ ಮೇಲಿರುವವರು, ಪುಟ್ಟ ಮಕ್ಕಳು, ಮರೆವಿನ ಕಾಯಿಲೆಯ ಹಿರಿಯರು. ಇವರ ವಿಷಯದಲ್ಲಿ ಮಕ್‌ಕ್ಯಾಫರಿಯವರ ವ್ಯಾಖ್ಯೆ ಒಂದೇ ಸಾಲುವುದಿಲ್ಲ. ಹುಬ್ಬು ಗಂಟಿಕ್ಕುವುದನ್ನು, ಮೈ ಬಿಗಿಯಾಗುವುದನ್ನು ಓದಬೇಕಾಗುತ್ತದೆ.

ಯಾರ ಮಾತನ್ನು ನಂಬುತ್ತೇವೆ ಎಂಬುದೂ ಸಮವಾಗಿ ಹಂಚಿಕೆಯಾಗಿರುವುದಿಲ್ಲ. ಮಿರಾಂಡಾ ಫ್ರಿಕರ್ ಎಂಬ ತತ್ತ್ವಜ್ಞಾನಿ 2007ರಲ್ಲಿ ಇದನ್ನು ಅನ್ಯಾಯದ ಒಂದು ಬಗೆ ಎಂದೇ ಕರೆದರು. ಮಾತಾಡುವವರು ಯಾರು ಎಂಬ ಪೂರ್ವಗ್ರಹದಿಂದ ಅವರ ಮಾತಿನ ತೂಕ ಕಡಿಮೆ ಮಾಡಿದರೆ, ಅವರನ್ನು ತಿಳಿವಳಿಕೆಯುಳ್ಳವರ ಸಾಲಿನಿಂದಲೇ ಹೊರಗೆ ಹಾಕಿದ ಹಾಗೆ. ಕುಡಿತದ ಚಟ ಇದ್ದವರು, ಪದೇ ಪದೇ ಆಸ್ಪತ್ರೆಗೆ ಬರುವವರು, ಜೋರಾಗಿ ಅಳುವವರು. "ಆ ಬೆಡ್ಡಿನವರದ್ದು ಯಾವಾಗಲೂ ಇದ್ದದ್ದೇ" ಎಂಬ ಮಾತು ಪಾಳಿ ಬದಲಾಗುವಾಗ ಕೈಯಿಂದ ಕೈಗೆ ದಾಟುತ್ತದೆ, ಅಲ್ವಾ?

ಒಳಮನಸ್ಸು ಹೇಳುವುದು

ಅಮೆರಿಕದ ನರ್ಸ್ ಬಾರ್ಬರಾ ಕಾರ್ಪರ್ 1978ರಲ್ಲಿ ನರ್ಸ್‌ಗಳ ತಿಳಿವಳಿಕೆಗೆ ನಾಲ್ಕು ಮೂಲ ಇವೆ ಎಂದರು: ವಿಜ್ಞಾನ, ನೀತಿ, ತನ್ನನ್ನು ತಾನು ಅರಿಯುವುದು, ಮತ್ತು ಕಲೆ. ಪರೀಕ್ಷೆಗೆ ಎಲ್ಲರೂ ಉರುಹೊಡೆಯುವ ಪಟ್ಟಿ ಇದು. ನನ್ನ ಮಟ್ಟಿಗೆ ಇದರಲ್ಲಿ ಹೆಚ್ಚು ಮುಖ್ಯವಾದದ್ದು ಮೂರನೆಯದು. ಈ ರೋಗಿಯನ್ನು ಕಂಡರೆ ನನಗೆ ಯಾಕೆ ಸಿಟ್ಟು ಬರುತ್ತಿದೆ ಎಂದು ತಿಳಿಯದ ನರ್ಸ್, ಆ ಸಿಟ್ಟನ್ನೇ ರೋಗಿಯ ಲಕ್ಷಣ ಎಂದು ಬರೆದುಬಿಡುವ ಅಪಾಯ ಇದೆ.

ಪ್ಯಾಟ್ರಿಷಿಯಾ ಬೆನ್ನರ್ 1984ರಲ್ಲಿ ಇನ್ನೊಂದು ವಿಷಯ ಎತ್ತಿದರು. ಹೊಸ ನರ್ಸ್ ನಿಯಮ ನೋಡಿ ಕೆಲಸ ಮಾಡುತ್ತಾರೆ. ಪಳಗಿದ ನರ್ಸ್ ಬಾಗಿಲಲ್ಲಿ ನಿಂತೇ "ಇವರು ಯಾಕೋ ಸರಿಯಿಲ್ಲ" ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ತಕ್ಷಣ ಹೇಳಲು ಬರುವುದಿಲ್ಲ. ನೂರಾರು ರೋಗಿಗಳನ್ನು ನೋಡಿದ ಕಣ್ಣಿಗೆ ಬಣ್ಣ, ಉಸಿರು, ಮಲಗಿದ ರೀತಿ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಇದು ಮಂತ್ರವೂ ಅಲ್ಲ, ಮೂಢನಂಬಿಕೆಯೂ ಅಲ್ಲ. ಇದಕ್ಕೆ ಎಷ್ಟು ಬೆಲೆ ಸಿಕ್ಕಿದೆ ಎಂದರೆ, ತುರ್ತು ತಂಡವನ್ನು ಕರೆಯಲು ನಾಡಿ, ಬಿಪಿ ಮಿತಿಗಳ ಜೊತೆಗೆ "ಸಿಬ್ಬಂದಿಗೆ ಚಿಂತೆಯಾಗಿದೆ" ಎಂಬುದನ್ನೂ ಎಷ್ಟೋ ಆಸ್ಪತ್ರೆಗಳು ಒಂದು ಕಾರಣವಾಗಿ ಸೇರಿಸಿವೆ.

ಆದರೆ ಒಂದು ಮಾತು. "ಇವರು ಯಾಕೋ ಸರಿಯಿಲ್ಲ" ಎಂದ ಅದೇ ಮನಸ್ಸು "ಇವನು ನಾಟಕ ಆಡುತ್ತಿದ್ದಾನೆ" ಎಂದೂ ಹೇಳುತ್ತದೆ. ಎರಡೂ ಒಂದೇ ಥರ ಖಾತ್ರಿಯಿಂದ ಬರುತ್ತವೆ. ಒಳಗಿನಿಂದ ನೋಡಿದರೆ ಅನುಭವಕ್ಕೂ ಪೂರ್ವಗ್ರಹಕ್ಕೂ ಗುರುತು ಸಿಗುವಷ್ಟು ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ಬೆನ್ನರ್ ಹೇಳಿದ ಆ ಕಣ್ಣಿಗೆ ಪಾಪರ್‌ನ ಶಿಸ್ತು ಬೇಕು. ಅನಿಸಿದ್ದನ್ನು ಊಹೆ ಎಂದು ತೆಗೆದುಕೊಂಡು ತಕ್ಷಣ ಪರೀಕ್ಷೆಗೆ ಒಡ್ಡಬೇಕು.

ನರ್ಸಿಂಗ್ ಸಿದ್ಧಾಂತಗಳು ಎಲ್ಲವೂ ಇಂಥ ಪರೀಕ್ಷೆಗೆ ನಿಲ್ಲುವುದಿಲ್ಲ. 1970ರಲ್ಲಿ ಮಾರ್ಥಾ ರೋಜರ್ಸ್ ಮನುಷ್ಯನನ್ನು ಬಿಡಿಸಲಾಗದ ಒಂದು ಶಕ್ತಿಕ್ಷೇತ್ರ ಎಂದರು. ಮನುಷ್ಯನನ್ನು ತುಂಡು ತುಂಡಾಗಿ ನೋಡಬಾರದು ಎಂಬ ಕಾಳಜಿ ಅದರಲ್ಲಿದೆ, ಅದು ಒಳ್ಳೆಯದೇ. ಆದರೆ ಆ ಶಕ್ತಿಕ್ಷೇತ್ರ ಇಲ್ಲ ಎಂದು ತೋರಿಸಲು ಏನು ಮಾಡಬೇಕು? ಉತ್ತರವಿಲ್ಲ. "ಇಡೀ ಮನುಷ್ಯನನ್ನು ನೋಡಬೇಕು" ಎಂಬ ಘೋಷಣೆಗೂ ಒಂದು ಮಿತಿ ಬೇಕು ಅನಿಸುತ್ತದೆ. ಕಾಲು ಮುರಿದುಕೊಂಡು ಬಂದವನು ತನ್ನ ಸಂಸಾರ, ದೇವರು, ದುಃಖ ಎಲ್ಲವನ್ನೂ ನಮ್ಮ ಮುಂದೆ ಬಿಚ್ಚಿಡಬೇಕು ಎಂದೇನೂ ಇಲ್ಲ. ಗುಟ್ಟು ಇಟ್ಟುಕೊಳ್ಳುವುದೂ ಮನುಷ್ಯನಾಗಿರುವುದರ ಭಾಗ.

ಡೆನ್ಮಾರ್ಕ್‌ನ ತತ್ತ್ವಜ್ಞಾನಿ ಕ್ನುಡ್ ಲೋಗ್‌ಸ್ಟ್ರುಪ್ 1956ರಲ್ಲಿ ಬರೆದ ವಿಚಾರ ಇಲ್ಲಿ ನೆನಪಾಗುತ್ತದೆ. ಇನ್ನೊಬ್ಬರ ಜೊತೆ ವ್ಯವಹರಿಸುವಾಗಲೆಲ್ಲ ಅವರ ಬದುಕಿನ ಒಂದು ಪಾಲು ನಮ್ಮ ಕೈಯಲ್ಲಿರುತ್ತದೆ. ಅದು ಚಿಕ್ಕದಿರಬಹುದು, ಒಂದು ಕ್ಷಣದ ಮನಸ್ಥಿತಿಯಷ್ಟೇ ಇರಬಹುದು. ನಾರ್ವೆಯ ನರ್ಸ್ ಮತ್ತು ತತ್ತ್ವಜ್ಞಾನಿ ಕಾರಿ ಮಾರ್ಟಿನ್‌ಸೆನ್ ಈ ವಿಚಾರವನ್ನು ನರ್ಸಿಂಗ್‌ಗೆ ತಂದರು. ಈ ನೋಟದಲ್ಲಿ ಮನುಷ್ಯ ಒಂಟಿಯಾಗಿ ನಿಂತ ಗಡಿಯಾರವಲ್ಲ. ಮೊದಲಿನಿಂದಲೂ ಇನ್ನೊಬ್ಬರ ಕೈಯಲ್ಲಿ ಇರುವವನು.

ಹಾಗಾದರೆ ಅಳತೆಯೋ, ಮಾತೋ? ಇಲ್ಲಿ ನನಗೆ ತತ್ತ್ವಜ್ಞಾನಿ ರಾಯ್ ಭಾಸ್ಕರ್ 1975ರಲ್ಲಿ ಕಟ್ಟಿದ ವಾದ ಹೆಚ್ಚು ಹಿಡಿಸುತ್ತದೆ. ಅದನ್ನು ಮುಂದೆ ಕ್ರಿಟಿಕಲ್ ರಿಯಲಿಸಂ ಎಂದು ಕರೆದರು. ಜಗತ್ತು ನಮಗೆ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ಇದೆ. ಆದರೆ ಅದರ ಬಗ್ಗೆ ನಮಗಿರುವ ತಿಳಿವಳಿಕೆ ಯಾವಾಗಲೂ ತಪ್ಪಬಹುದು. ಭಾಸ್ಕರ್ ಮೂರು ಪದರ ಹೇಳುತ್ತಾರೆ: ಆಳದಲ್ಲಿ ಕೆಲಸ ಮಾಡುವ ಕಾರಣಗಳು, ಅವುಗಳಿಂದ ಆಗುವ ಘಟನೆಗಳು, ಆ ಘಟನೆಗಳಲ್ಲಿ ನಮ್ಮ ಅನುಭವಕ್ಕೆ ಬರುವಷ್ಟು ಭಾಗ. ನಾಡಿಯೂ "ಎಂಟು" ಎಂಬ ಮಾತೂ ಇರುವುದು ಮೂರನೆಯ ಪದರದಲ್ಲಿ. ಎರಡೂ ಗುರುತುಗಳು. ಯಾವುದೂ ಕಾಲಿನೊಳಗೆ ನಡೆಯುತ್ತಿರುವ ಸಂಗತಿಯೇ ಅಲ್ಲ. ಎರಡು ಗುರುತುಗಳು ಒಂದಕ್ಕೊಂದು ಹೊಂದದಿದ್ದರೆ ಒಂದನ್ನು ಎಸೆಯುವ ಮುಂಚೆ, ಎರಡನ್ನೂ ಹುಟ್ಟಿಸುವ ಕಾರಣ ಏನಿರಬಹುದು ಎಂದು ಕೇಳಬೇಕು.

ಮತ್ತೆ ಆ ಯುವಕನ ಹತ್ತಿರ ಹೋಗೋಣ. ನರ್ಸ್ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಫೋನ್ ಯಾಕೆ ನೋಡುತ್ತಿದ್ದ? ನೋವು ಮರೆಯಲು ಇರಬಹುದು. ರಾತ್ರಿ ಮಾತ್ರೆ ಸಿಗದೆ ಹೋದರೆ ಎಂಬ ಹೆದರಿಕೆಗೆ ನಾಲ್ಕನ್ನು ಎಂಟು ಎಂದಿರಬಹುದು. ಹಾಗಿದ್ದರೆ ಚಿಕಿತ್ಸೆ ಬೇಕಿರುವುದು ಹೆದರಿಕೆಗೆ. ಇನ್ನೊಂದು ಕಾರಣವೂ ಇದೆ. ಮೊಣಕಾಲಿನ ಕೆಳಗಿನ ಮೂಳೆ ಮುರಿದಾಗ ಕೆಲವೊಮ್ಮೆ ಸ್ನಾಯುಗಳ ಬಿಗಿಯಾದ ಕವಚದೊಳಗೆ ಒತ್ತಡ ಏರುತ್ತದೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಬಹುದು. ಅದರ ಮೊದಲ ಗುರುತು ಸಾಮಾನ್ಯವಾಗಿ ಒಂದೇ: ಇರಬೇಕಾದ್ದಕ್ಕಿಂತ ಜಾಸ್ತಿ ನೋವು. ಪಾದದ ನಾಡಿ ಆಗಲೂ ಚೆನ್ನಾಗಿಯೇ ಬಡಿಯುತ್ತಿರಬಹುದು.

"ನೋವು ಯಾವಾಗಿನಿಂದ ಹೀಗಿದೆ?"

"ಈಗೊಂದು ಇಪ್ಪತ್ತು ನಿಮಿಷದಿಂದ. ಬಿಗಿದು ಕಟ್ಟಿದ ಹಾಗಿದೆ, ಸಿಸ್ಟರ್."

ನರ್ಸ್ ಅವನ ಕಾಲಿನ ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಬಾಗಿಸುತ್ತಾರೆ. ಅವನು ಕಿರುಚುತ್ತಾನೆ. ಅವರು ಸರ್ಜನ್‌ಗೆ ಫೋನ್ ಮಾಡುತ್ತಾರೆ, ಆಮೇಲೆ ಚಾರ್ಟ್ ತೆಗೆದುಕೊಂಡು ಬರೆಯುತ್ತಾರೆ: ನೋವು 8. ನಾಡಿ, ಬಿಪಿ ಸರಿಯಾಗಿವೆ. ಕಾಲು ಬಿಗಿದು ಕಟ್ಟಿದ ಹಾಗಿದೆ ಎನ್ನುತ್ತಾರೆ. ಬೆರಳು ಬಾಗಿಸಿದರೆ ತೀವ್ರ ನೋವು. ಸರ್ಜನ್‌ಗೆ ತಿಳಿಸಿದೆ, 2.40.